ಮಂಗನ್ನ ಹೂತು ಬಂದ ಮೇಲೆ

ತಾಕತ್ತಿದ್ರೆ ಇದನ್ನ ನಂಬದೇ ಇರಿ, ನೋಡೋಣ.

ನಮ್ಮೂರಲ್ಲಿ ನಾನು ಮಳೆ ಬಂತು ಅಂದ್ರೆ ಜನ ಅಂಗಳಕ್ಕೆ ಕೈ ಚಾಚಿ ನೋಡ್ಕೊಂಡೇ ಕೊಡೆ ತಗೊಳೋದು. ಅಷ್ಟು ಒಳ್ಳೆ ಹೆಸ್ರು ಮಾಡಿದೀನಿ. ಸುಳ್ಳು ಹೇಳೋದ್ರಲ್ಲಿ ಈ ಕೆರಿಯಪ್ಪನ್ನ ಮೀರಿಸೋರು ಹೊಸನಗರದಲ್ಲೂ ಇಲ್ಲ, ಸಾಗರದಲ್ಲೂ ಇಲ್ಲ. ತೀರ್ಥಹಳ್ಳಿ ಕಡೆ ಒಬ್ರಿದ್ರು, ಪಾಪ ತೀರ್ಕೊಂಡ್ರು. ಹಾಗಿರೋವಾಗ, ದನದ ಕಿವಿಲಿ ಕಚ್ಕೊಂಡು ರಕ್ತ ಹೀರೋ ಉಣುಗು ಅನ್ನೋ ಹೊಲಸು ಹುಳ, ಸಾಸಿವೆ ಕಾಳಿನಷ್ಟೂ ಇಲ್ಲದ್ದು, ನನ್ನಂಥೋನನ್ನ ಮಲಗ್ಸಿ ನನ್ನ ಹೆಂಡ್ತಿ ಹೆಸ್ರು ನಂಗೇ ಮರೆಸ್ತು ಅಂದ್ರೆ ಯಾರು ನಂಬ್ತಾರೆ? ನಂಬ್ಬೇಡಿ. ಆದ್ರೆ ಪೂರ್ತಿ ಓದಿ. ಮಂಗನ ಕಾಯಿಲೆ ಬಂದು ಗೋಡೆ ಕಡೆ ಮುಖ ಮಾಡ್ಕೊಂಡು ಮಲಗಿರೋರು ಯಾರಾದ್ರೂ ಇದ್ರೆ ಅವ್ರು ಎರಡು ಸಲ ಓದಿ. ಹೀಗೇ ಇನ್ನೊಬ್ಬ ಮಲಗಿದ್ದ, ಎದ್ದ ಅಂತ ಗೊತ್ತಾಗ್ಲಿ.

ನಾನಿರೋದು ನಿಟ್ಟೂರಿಂದ ಸ್ವಲ್ಪ ಮೇಲೆ, ಗುಡ್ಡದ ಬುಡದಲ್ಲಿ. ಜೀವಮಾನ ಪೂರ್ತಿ ಜೀಪು ಓಡ್ಸಿದೋನು. ನಾನು ಗಾಡಿ ಹತ್ತಿಸದೇ ಬಿಟ್ಟ ಏರು ಈ ಸೀಮೆಲಿಲ್ಲ. ಹತ್ತಿಸಿ ಇಳಿಸಕ್ಕಾಗದೇ ಬಿಟ್ಟಿದ್ದು ಒಂದೆರಡಿದೆ, ಆ ಮಾತು ಈಗ ಬೇಡ. ಈಗ ಗಾಡಿ ಕೆಲ್ಸ ಎಲ್ಲ ಮಗಳು ಸುಮಾಂದು. ಅವಳು ಬಾಡಿಗೆಗೆ ಕೊಡಕ್ಕೆ ಎಟಿವಿ ಅಂತ ನಾಲ್ಕು ಚಕ್ರದ ಬೈಕು ತಂದಿಟ್ಟಿದಾಳೆ. ಹಳ್ಳ ಕಂಡ್ರೆ ಹಾರ್ತದೆ ಅಂತ ಊರಲ್ಲಿ ಅದಕ್ಕೆ ಕಪ್ಪೆಗಾಡಿ ಅಂತಾರೆ. ಹಿಂದೆ ಮರ ಸಾಗಿಸ್ತಿದ್ದ ಲಾರಿ ದಾರಿ, ದನ ಹೋಗೋ ಜಾಡು, ಹಳ್ಳದ ಕೊರಕಲು, ಎಲ್ಲಾ ಜೋಡ್ಸಿ ಕಾಡೊಳಗೆ ದಾರಿ ಮಾಡಿದ್ದು ನಾನು. ಅದಕ್ಕೆ ಟ್ರೇಲು ಅಂತ ಹೆಸ್ರಿಟ್ಟು ಜನ ಕರೆಸಿದ್ದು ಅವಳು.

ಮಳೆ ನಿಂತು ನೆಲ ಒಣಗ್ತಿದ್ದಂಗೆ ಬರ್ತಾರೆ ನೋಡಿ ಸವಾರರು. ಮೊಣಕಾಲಿಗೆ ಚಿಪ್ಪು, ಎದೆಗೆ ಚಿಪ್ಪು, ಹೆಲ್ಮೆಟ್ ಮೇಲೆ ಕ್ಯಾಮರ. ಆಮೆ ಎದ್ದು ನಿಂತಂಗೆ. ಕೆಲವ್ರು ತಮ್ಮದೇ ಬೈಕು ತರ್ತಾರೆ, ಅದ್ರ ಸದ್ದಿಗೆ ಹಕ್ಕಿ ಎಲ್ಲ ಗುಡ್ಡ ಬಿಟ್ಟು ಹೋಗ್ತವೆ. ಕೆಸರಲ್ಲಿ ಬಿದ್ರೆ ಕುಣೀತಾರೆ, ಅಂಗಿಗೆ ಒಂದು ಜಿಗಣೆ ಹತ್ತಿದ್ರೆ ಅಮ್ಮಾ ಅಂತಾರೆ. ಹೋಗೋವಾಗ ಚಿಪ್ಸ್ ಪ್ಯಾಕೆಟ್ಟು, ಬೀರು ಬಾಟ್ಲಿ ಬಿದಿರು ಮೆಳೆಗೆ ಎಸ್ದು ಹೋಗ್ತಾರೆ. ಥೂ. ಅದನ್ನ ಆರಿಸೋದು ನಾನು. ಅದಕ್ಕೆ ನಾನೂ ಸೇಡು ತೀರಿಸ್ಕೊಳ್ತಿದ್ದೆ. ‘ಈ ತಿರುವಲ್ಲಿ ಹಾರ್ನ್ ಮಾಡ್ಬೇಡಿ, ಇಲ್ಲೊಬ್ಳು ಅಜ್ಜಿ ಇದಾಳೆ, ಸತ್ತು ಬಹಳ ವರ್ಷ ಆಯ್ತು’ ಅಂದ್ರೆ ಸಾಕು, ಆ ಆಮೆಗಳೆಲ್ಲ ಉಸಿರು ಬಿಗಿ ಹಿಡ್ಕೊಂಡು ಗಾಡಿ ತಳ್ಕೊಂಡೇ ಹೋಗ್ತಿದ್ವು.

ನಮ್ಮೂರ ಆಶಾ ಕಾರ್ಯಕರ್ತೆ ಲಲಿತಮ್ಮಂಗೂ ನನ್ನ ಕಾಟ ತಪ್ಪಿಲ್ಲ. ಕಾಡಿಗೆ ಹೋಗೋರು ಕೈಕಾಲಿಗೆ ಹಚ್ಕೊಳ್ಳಿ, ಉಣುಗು ಹತ್ತಲ್ಲ ಅಂತ ಅವಳು ಮನೆಮನೆಗೆ ಎಣ್ಣೆ ಬಾಟ್ಲಿ ಕೊಡ್ತಾಳೆ. ಅದ್ರ ವಾಸನೆಗೆ ನನ್ನ ನಾಯಿನೇ ನನ್ನ ಹತ್ರ ಬರಲ್ಲ. ಒಂದು ಸಲ ಅವಳು, ‘ಕೆರಿಯಣ್ಣ, ಎಣ್ಣೆ ಖರ್ಚಾಯ್ತಾ?’ ಅಂದ್ಲು.

‘ಎಲ್ಲಾ ಖರ್ಚಾಯ್ತು ಲಲಿತಮ್ಮ. ನಿನ್ನೆ ಅದ್ರಲ್ಲೇ ಚಕ್ಲಿ ಕರ್ದಿದ್ದು. ಗರಿಗರಿ ಇತ್ತು. ಇನ್ನೊಂದು ಬಾಟ್ಲಿ ಇದ್ರೆ ಕೊಡು.’

ಅವಳು ಅಲ್ಲೇ ಮೆಟ್ಲ ಮೇಲೆ ಕುಸ್ದು ಕೂತು ಡಾಕ್ಟ್ರಿಗೆ ಫೋನ್ ಹಚ್ಚಿದ್ಲು. ಜಲಜ, ಅಂದ್ರೆ ನನ್ನ ಹೆಂಡ್ತಿ, ಒಳಗಿಂದ ಸೌಟು ಹಿಡ್ಕೊಂಡೇ ಬಂದು, ‘ಸುಳ್ಳು ಕಣೆ ಲಲಿತಾ, ಬಾಟ್ಲಿ ಮುಚ್ಚಳನೇ ತೆಗ್ದಿಲ್ಲ ಇವ್ರು’ ಅಂತ ನನ್ನ ಮಾನ ಕಳೆದ್ಲು. ಮುಚ್ಚಳ ತೆಗೀದೇ ಇದ್ದಿದ್ದು ಮಾತ್ರ ನಿಜ. ಕಾಡಲ್ಲೇ ಬೆಳ್ದೋನು ನಾನು, ಉಣುಗು ನನ್ನ ರಕ್ತ ಕುಡಿದ್ರೆ ಅದಕ್ಕೇ ಜ್ವರ ಬರ್ತದೆ ಅಂತ ಕೊಚ್ಚಿಕೊಳ್ತಿದ್ದೆ.

ಆ ವರ್ಷ ಚಳಿ ಇನ್ನೂ ಪೂರ್ತಿ ಹೋಗಿರ್ಲಿಲ್ಲ. ಒಂದು ಗುಂಪು ಕರ್ಕೊಂಡು ನಾನು ಮುಂದಿನ ಕಪ್ಪೆಗಾಡಿಲಿದ್ದೆ. ಮೇಲಿನ ಕೊರಕಲು ದಾಟಿದ ಮೇಲೆ ದಾರಿ ಮಧ್ಯೆನೇ ಒಂದು ಮುಸ್ಯ, ಅಂದ್ರೆ ದೊಡ್ಡ ಜಾತಿ ಮಂಗ, ಬಿದ್ದಿತ್ತು. ಕಪ್ಪು ಮುಖ, ಉದ್ದ ಬಾಲ, ಸತ್ತು ಒಂದು ದಿನ ಆಗಿತ್ತೋ ಏನೋ. ಹಿಂದಿನವ್ರಲ್ಲಿ ಒಬ್ಬ ಇಳಿದೋನೇ, ‘ಅಂಕಲ್, ಸ್ವಲ್ಪ ಸೈಡಿಗೆ ಬನ್ನಿ’ ಅಂತ ಹೇಳಿ ಅದ್ರ ಪಕ್ಕ ಕುಕ್ಕರಗಾಲಲ್ಲಿ ಕೂತು ಫೋಟೋ ಹೊಡ್ಕೊಂಡ. ಎರಡು ಬೆರಳು ಎತ್ತಿ, ನಗ್ತಾ! ಎಲ್ರನ್ನೂ ಬೈದು ವಾಪಸ್ ಕಳಿಸ್ದೆ.

ಮಂಗ ಸತ್ತಿದ್ದು ಕಂಡ್ರೆ ಮುಟ್ಬೇಡಿ, ಫೋನ್ ಮಾಡಿ ಅಂತ ಲಲಿತಮ್ಮ ಹೇಳಿದ್ದು ನೆನಪಿತ್ತು. ಫೋನ್ ಮಾಡಿದ್ರೆ ಅವ್ರು ಬರ್ತಾರೆ, ಸುತ್ತ ಉಣುಗು ಸಾಯೋ ಪೌಡ್ರು ಹೊಡೀತಾರೆ, ದಾರಿ ಬಂದ್ ಮಾಡ್ತಾರೆ. ಸುಮಾನ ಸೀಸನ್ ಅಲ್ಲಿಗೆ ಮುಗೀತು. ಅದಕ್ಕಿಂತ ಹೆಚ್ಚಾಗಿ, ನಮ್ಮ ಕಡೆ ಸತ್ತ ಮಂಗನ್ನ ಹಾಗೇ ಬಿಟ್ಟು ಬರೋದಿಲ್ಲ. ಹನುಮಪ್ಪ ಅಲ್ವಾ. ಮನೆಗೆ ಹೋಗಿ ಅರಿಶಿನ ಕುಂಕುಮ, ಒಂದು ತೆಂಗಿನಕಾಯಿ, ಗುದ್ಲಿ ತಂದೆ. ನನ್ನ ಹೆಗಲ ಮೇಲಿನ ಬಿಳಿ ಟವೆಲ್ಲನ್ನೇ ಅದಕ್ಕೆ ಸುತ್ತಿ, ಮಗು ಎತ್ಕೊಂಡಂಗೆ ಎದೆಗೊತ್ಕೊಂಡು ಹೋಗಿ, ಹೊನ್ನೆ ಮರದ ಬುಡದಲ್ಲಿ ಗುಂಡಿ ತೋಡ್ದೆ. ಟವೆಲ್ ಒಳ್ಳೇದಿತ್ತು. ಹೂಳೋ ಮುಂಚೆ ಅದನ್ನ ಬಿಚ್ಕೊಂಡು ದರಗೆಲೆ ಹಾಸಿ ಮಲಗ್ಸಿದೆ. ಕಾಯಿ ಒಡ್ದು ಕೈ ಮುಗ್ದೆ. ಆಮೇಲೆ ಬೆವರಾಗಿತ್ತು ಅಂತ ಅದೇ ಟವೆಲ್ಲಲ್ಲಿ ಮುಖ, ಕತ್ತು, ಕಂಕುಳು ಎಲ್ಲ ಒರೆಸ್ಕೊಂಡೆ.

ಈಗ ನೆನೆಸ್ಕೊಂಡ್ರೂ ವಾಂತಿ ಬರ್ತದೆ. ಮಂಗ ಸತ್ತು ತಣ್ಣಗಾದ್ರೆ ಅದ್ರ ಮೈಮೇಲಿನ ಉಣುಗು ಇಳಿದು ಬೇರೆ ಬಿಸಿ ಮೈ ಹುಡುಕ್ತದಂತೆ. ನಾನು ಅವನ್ನ ಟವೆಲ್ ಮೇಲೆ ಕೂರಿಸಿ ಮೆರವಣಿಗೆ ಮಾಡ್ಸಿದ್ದೆ. ಸ್ನಾನ ಮಾಡೋವಾಗ ಕಂಕುಳಲ್ಲಿ, ಸೊಂಟದ ದಾರದ ಕೆಳಗೆ, ಹೇಳಬಾರದ ಜಾಗದಲ್ಲಿ ಕೂಡ ಕರಿ ಚುಕ್ಕಿ ಕಂಡ್ವು. ಉಗುರಲ್ಲಿ ಕಿತ್ತು ಒಲೆಗೆ ಹಾಕ್ದೆ. ಚಟ್ ಅಂದ್ವು. ಜಲಜಂಗೆ ಹೇಳಿಲ್ಲ.

ವಾರ ಆದ ಮೇಲೆ ಬಂತು ತಲೆನೋವು. ಅದು ತಲೆನೋವಲ್ಲ ಮಾರಾಯ್ರೆ, ಕಣ್ಣಿನ ಹಿಂದೆ ಯಾರೋ ಕೂತು ಜಾಕ್ ಹಾಕಿ ಎತ್ತಿದಂಗೆ. ಸೊಂಟ, ತೊಡೆ, ಹಲ್ಲಿನ ಬೇರು, ಎಲ್ಲಾ ನೋವು. ಕಣ್ಣು ಕೆಂಪು, ವಸಡಲ್ಲಿ ರಕ್ತ, ಮೇಲಿಂದಲೂ ಹೋಗ್ತಿದೆ ಕೆಳಗಿಂದಲೂ ಹೋಗ್ತಿದೆ. ಹಾಸಿಗೆ ನಾತ ನಂಗೇ ತಡ್ಕೊಳ್ಳಕ್ಕಾಗ್ತಿರ್ಲಿಲ್ಲ. ಲಲಿತಮ್ಮ ಬಂದು ಮುಖ ನೋಡಿದೋಳು ಒಂದೇ ಪ್ರಶ್ನೆ ಕೇಳಿದ್ಲು.

‘ಕೆರಿಯಣ್ಣ, ನಿಜ ಹೇಳು. ಮಂಗ ಮುಟ್ಟಿದ್ಯಾ?’

ನಾನು ಹೊನ್ನೆ ಮರದ ಜಾಗ ಹೇಳ್ದೆ. ಅವಳು ಬೈಲಿಲ್ಲ. ‘ಹೊರಡು’ ಅಂತ ಅಷ್ಟೇ ಅಂದು ಗಾಡಿ ಕರೆಸಿದ್ಲು. ಮರುದಿನ ಗುಡ್ಡಕ್ಕೆ ಪೌಡ್ರು ಬಿತ್ತು, ದಾರಿಗೆ ಅಡ್ಡ ಹಗ್ಗ ಬಿತ್ತು. ಸುಮಾ ಸವಾರರನ್ನೆಲ್ಲ ಆಚೆ ಕಡೆ ಅಕೇಶಿಯಾ ತೋಪಿನ ದಾರಿಗೆ ಬದಲಾಯಿಸಿದ್ಲು. ನನ್ನ ಜೊತೆ ಆವತ್ತು ಬಂದಿದ್ದ ಆಮೆಗಳಿಗೆಲ್ಲ ಫೋನ್ ಮಾಡಿ ವಿಚಾರಿಸಿದ್ಲು. ಅವ್ರಲ್ಲಿ ಯಾರಿಗೂ ಏನೂ ಆಗಿರ್ಲಿಲ್ಲ. ಫೋಟೋ ಹೊಡ್ಕೊಂಡೋನಿಗೂ ಇಲ್ಲ! ದೇವ್ರಿಗೆ ಕಣ್ಣಿಲ್ಲ.

ಆಂಬುಲೆನ್ಸಲ್ಲಿ ತೀರ್ಥಹಳ್ಳಿ ಕಡೆ ಹೊರಟಾಗ ತಿರುವು ತಿರುವಿಗೂ ವಾಂತಿ. ಜೀವ ಹೋಗ್ತಿದ್ರೂ ಡ್ರೈವರಿಗೆ, ‘ಎರಡನೇ ಗೇರಿಗೆ ಹಾಕಪ್ಪ, ಕ್ಲಚ್ ಸುಡ್ತಿದ್ದೀಯ’ ಅಂತ ಪಾಠ ಹೇಳ್ತಿದ್ದೆನಂತೆ. ಅವನು ‘ಅಜ್ಜ, ನೀವು ಮಲ್ಕೊಳ್ತೀರಾ, ಇಳಿದು ನಡೀತೀರಾ’ ಅಂದನಂತೆ.

ಆಸ್ಪತ್ರೆಲಿ ರಕ್ತ ತಗೊಂಡು ಪರೀಕ್ಷೆಗೆ ಕಳ್ಸಿದ್ರು. ಉತ್ತರ ಬರೋ ತನಕ ಕಾಯೋದಿದೆಯಲ್ಲ, ಅದು ಜ್ವರಕ್ಕಿಂತ ಹೊಲಸು. ವರಾಂಡದ ಬೆಂಚಲ್ಲಿ ಫಿನಾಯಿಲ್ ವಾಸನೆ, ಅದ್ರ ಅಡಿಲಿ ಇನ್ನೇನೋ ವಾಸನೆ. ಬಂದೋರೆಲ್ಲ ಮುಖ ನೋಡಿ, ‘ಯಾವ ಊರು? ಮಂಗನ ಕಾಯಿಲೆನಾ?’ ಅಂತ ಕೇಳಿ ಒಂದು ಮಾರು ಆಚೆ ಸರಿಯೋರು. ಇದು ಮನುಷ್ಯರಿಂದ ಮನುಷ್ಯರಿಗೆ ಹಾಗೆಲ್ಲ ಅಂಟಲ್ಲ ಅಂತ ನರ್ಸ್ ಹೇಳಿದ್ರೂ ಸರಿಯೋರು ಸರಿದ್ರು. ನಾನು ಬೇಕಂತಲೇ ಅವ್ರ ಕಡೆ ತಿರುಗಿ ಮೈ ಕೆರ್ಕೊಂಡೆ. ಬೆಂಚು ಪೂರ್ತಿ ಖಾಲಿ ಆಯ್ತು, ಕಾಲು ಚಾಚಿ ಮಲಗ್ದೆ.

ಉತ್ತರ ಬಂತು. ಅದೇ ಕಾಯಿಲೆ. ಇದಕ್ಕೆ ಅಂತ ಬೇರೆ ಔಷಧ ಇಲ್ಲ, ಜ್ವರಕ್ಕೆ ಮಾತ್ರೆ, ನೀರು, ಗ್ಲೂಕೋಸು, ಮೈ ತಾನೇ ಗೆಲ್ಬೇಕು ಅಂದ್ರು ಡಾಕ್ಟ್ರಮ್ಮ. ಚಿಕ್ಕ ವಯಸ್ಸಿನ ಹೆಂಗಸು, ಸುಳ್ಳು ಹೇಳಕ್ಕೆ ಬರ್ತಿರ್ಲಿಲ್ಲ. ಅದು ನಂಗೆ ಹಿಡಿಸಲಿಲ್ಲ. ಒಂದು ಸಣ್ಣ ಸುಳ್ಳಾದ್ರೂ ಹೇಳ್ಬೇಕಿತ್ತು.

ಪಕ್ಕದ ಮಂಚದಲ್ಲಿ ತಾಳಗುಪ್ಪ ಕಡೆ ಭಟ್ರೊಬ್ರು. ಕಾಡಿಗೇ ಹೋಗಿಲ್ಲವಂತೆ, ಕೊಟ್ಟಿಗೆಗೆ ಹಾಸಕ್ಕೆ ಕಾಡಿಂದ ತರಿಸಿದ್ದ ದರಗಿನ ರಾಶಿ ಮೇಲೆ ಕೂತು ಎಲೆ ಅಡಿಕೆ ಹಾಕಿದ್ರಂತೆ, ಅಷ್ಟೇ. ಮನೆಗೆ ಫೋನಲ್ಲಿ, ‘ಎಂತೂ ಆಜಿಲ್ಲೆ, ಅರಾಮಿದ್ದಿ’, ಅಂದ್ರೆ ಏನೂ ಆಗಿಲ್ಲ ಅಂತ ಹೇಳಿ ಫೋನಿಟ್ಟು ಗೊಳೋ ಅಂತ ಅತ್ರು.

‘ಭಟ್ರೇ, ಅರಾಮಿದ್ದೋರು ಹೀಗೆ ಅಳೋದಾ?’ ಅಂದೆ.

‘ನಿಂಗೆಂತ ಗೊತ್ತು ಮಾರಾಯ? ನಂಗೆ ಕಚ್ಚಿದ್ದು ಕಡಲೆ ಗಾತ್ರದ್ದು.’

‘ಅಯ್ಯೋ, ನಂದು ಹಲಸಿನ ಬೀಜದಷ್ಟಿತ್ತು. ಕೀಳಕ್ಕೆ ಇಕ್ಕಳ ತಂದಿದ್ರು.’

ಅಳ್ತಾನೇ ನಕ್ರು. ನಗುವಾಗ ಇಬ್ರಿಗೂ ತಲೆ ಸಿಡೀತಿತ್ತು, ‘ನಗಿಸ್ಬೇಡ, ಸಾಯ್ತೆ’ ಅಂತ ಅವ್ರು ಬೇಡ್ಕೊಳ್ಳೋರು. ಆ ಗಂಜಿ ಒಂದಿತ್ತು, ಅಂಟು ಅಂಟಾಗಿ, ಗೋಡೆಗೆ ಪೋಸ್ಟರ್ ಹಚ್ಚಕ್ಕೆ ಲಾಯಕ್ಕು. ಭಟ್ರ ಮನೆಯಿಂದ ಬಂದ ತಿಳಿಸಾರಲ್ಲಿ ಅರ್ಧ ನಂಗೆ ಬಗ್ಸಿ ಕೊಡ್ತಿದ್ರು. ಬಾಯಿ ರುಚಿ ಎಲ್ಲ ಸತ್ತಿದ್ದ ಆ ದಿನಗಳಲ್ಲಿ ಆ ಸಾರಿನ ಬಿಸಿ ಗಂಟಲಲ್ಲಿ ಇಳಿಯೋದು ಮಾತ್ರ ಗೊತ್ತಾಗ್ತಿತ್ತು.

ಜ್ವರ ಬಿಡ್ತು. ಮನೆಗೆ ಕಳ್ಸುವಾಗ ಡಾಕ್ಟ್ರಮ್ಮ ಜಲಜನ್ನ ಪಕ್ಕಕ್ಕೆ ಕರ್ದು, ‘ಕೆಲವ್ರಿಗೆ ಇದು ಇನ್ನೊಂದು ಸಲ ಬರ್ತದೆ. ಆಗ ತಲೆಗೆ ಹೋಗ್ತದೆ. ಮಾತಲ್ಲಿ ಏನಾದ್ರೂ ವ್ಯತ್ಯಾಸ ಕಂಡ್ರೆ ತಡ ಮಾಡ್ಬೇಡಿ, ತಡ ಆದ್ರೆ ಜೀವಕ್ಕೇ ಕಷ್ಟ’ ಅಂದ್ರು. ನಾನು ಬಾಗಿಲ ಹಿಂದಿಂದ ಕೇಳಿಸ್ಕೊಂಡೆ. ನನ್ನ ತಲೆಗೆ? ಇಡೀ ಗುಡ್ಡದ ದಾರಿ ಕಣ್ಣು ಮುಚ್ಚಿ ಹೇಳೋ ತಲೆಗೆ? ಒಳಗೆ ಬರಕ್ಕೆ ಜಾಗ ಎಲ್ಲಿದೆ ಅದಕ್ಕೆ ಅಂದ್ಕೊಂಡೆ. ಅಂದ್ಕೊಂಡೆ ಅಷ್ಟೇ. ದಾರಿ ಉದ್ದಕ್ಕೂ ಕಾರಲ್ಲಿ ಒಂದೊಂದೇ ತಿರುವಿನ ಹೆಸ್ರು ಮನಸ್ಸಲ್ಲೇ ಹೇಳ್ಕೊಳ್ತಾ ಬಂದೆ.

ಒಂದಷ್ಟು ದಿನ ಚೆನ್ನಾಗಿದ್ದೆ. ಅಕೇಶಿಯಾ ತೋಪಲ್ಲಿ ಸುಮಾ ಎಲ್ಲ ಸವಾರರಿಗೂ ಆ ನಾರೋ ಎಣ್ಣೆ ಹಚ್ಚಿಸ್ದೇ ಗಾಡಿ ಕೊಡ್ತಿರ್ಲಿಲ್ಲ. ಆ ಆಮೆಗಳು ಮೂಗು ಮುಚ್ಕೊಂಡು ಎಣ್ಣೆ ಬಳ್ಕೊಳ್ಳೋದು ನೋಡಕ್ಕೇ ದಿನಾ ಹೋಗಿ ಕಲ್ಲಿನ ಮೇಲೆ ಕೂರ್ತಿದ್ದೆ. ಒಂದಿನ ಬೆಳಿಗ್ಗೆ ಒಬ್ಬ, ‘ಅಂಕಲ್‌ಗೆ ಇನ್ನು ಗಾಡಿ ಓಡ್ಸಕ್ಕಾಗಲ್ವಾ?’ ಅಂದ. ನನ್ನನ್ನ! ಸುಮಾ ಬೇಡ ಅನ್ನೋದ್ರೊಳಗೆ ಕಪ್ಪೆಗಾಡಿ ಹತ್ತಿ ಹೊರಟೇ ಬಿಟ್ಟೆ.

ಮೊದಲ ಏರು ಹತ್ತಿದೆ. ಮುಂದೆ ದಾರಿ ಎರಡಾಗಿ ಕಂಡ್ತು. ಅಲ್ಲಿ ಎರಡು ದಾರಿ ಇಲ್ಲ, ಅದನ್ನ ಮಾಡಿದೋನೇ ನಾನು. ಕಣ್ಣು ಉಜ್ಜಿ ನೋಡಿದ್ರೂ ಎರಡು. ಒಂದಕ್ಕೆ ತಿರುಗಿಸಿದೆ, ಗಾಡಿ ಪೊದೆಗೆ ನುಗ್ಗಿ ನಿಂತಿತು. ಇಳಿದೆ. ಇದು ಯಾವ ಗುಡ್ಡ ಅಂತ ಗೊತ್ತಾಗ್ಲಿಲ್ಲ. ಮನೆ ಯಾವ ಕಡೆ ಅಂತಲೂ ಗೊತ್ತಾಗ್ಲಿಲ್ಲ. ಬಿಸಿಲಿತ್ತು, ಹಕ್ಕಿ ಕೂಗ್ತಿತ್ತು, ನಾನು ಮಾತ್ರ ಎಲ್ಲೂ ಇರ್ಲಿಲ್ಲ. ನನ್ನ ಜೀವನದಲ್ಲಿ ಹಾಗೆ ಹೆದರಿಲ್ಲ.

ಸುಮಾ ಹಿಂದೆನೇ ಬಂದು ಕರ್ಕೊಂಡು ಹೋದ್ಲು. ಕಲ್ಲಿನ ಮೇಲೆ ಕೂರ್ಸಿ, ‘ಏನಾಯ್ತಪ್ಪ?’ ಅಂದ್ಲು. ಬ್ರೇಕು ಹಿಡೀಲಿಲ್ಲ ಅಂತ ಹೇಳಕ್ಕೆ ಹೋದೆ. ಬಾಯಿಂದ ‘ಬೆಕ್ಕಿಗೆ ಸಂಬಳ ಕೊಡ್ಲಿಲ್ಲ’ ಅಂತ ಬಂತು. ಎಲ್ರೂ ಹೋ ಅಂತ ನಕ್ರು. ಮತ್ತೆ ಹೇಳ್ದೆ, ಮತ್ತೇನೋ ಬಂತು. ಒಬ್ಬ ಫೋನ್ ತೆಗ್ದು ವಿಡಿಯೋ ಮಾಡ್ದ. ಸುಮಾನೂ ನಕ್ಕು, ‘ಸಾಕು ಬಿಡಪ್ಪ, ನಿನ್ನ ನಾಟಕ’ ಅಂದ್ಲು. ಅವಳ ತಪ್ಪಲ್ಲ. ಜೀವನ ಪೂರ್ತಿ ಅವಳಿಗೆ ನಾನು ಅದನ್ನೇ ಅಲ್ವಾ ಮಾಡಿದ್ದು. ಆ ನಗುವಿನ ಮಧ್ಯೆ ಕೂತು ‘ಇದು ನಾಟಕ ಅಲ್ಲ’ ಅನ್ನೋ ಮಾತು ಹುಡುಕ್ತಿದ್ದೆ, ಸಿಗ್ತಿರ್ಲಿಲ್ಲ.

ಅಷ್ಟರಲ್ಲಿ ಜಲಜ ಎಲ್ರಿಗೂ ತಿಂಡಿ ಹೊತ್ಕೊಂಡು ಬಂದ್ಲು. ಗುಂಪು ನಗ್ತಿದ್ದಿದ್ದು ನೋಡಿದ್ಲು, ನನ್ನ ನೋಡಿದ್ಲು. ಕಾಫಿ ಲೋಟ ನನ್ನ ಕೈಗಿಟ್ಲು. ಲೋಟ ಗಡಗಡ ಅಂದು ಕಾಫಿ ಪಂಚೆ ಮೇಲೆಲ್ಲ ಚೆಲ್ತು. ಮತ್ತೂ ನಕ್ರು.

‘ಸುಮಾ, ಕಾರ್ ತೆಗಿ’ ಅಂದ್ಲು ಜಲಜ.

‘ಅಮ್ಮಾ, ಅಪ್ಪ ಸುಮ್ನೆ ಆಟ ಆಡ್ತಿದಾನೆ.’

‘ಆಟ ಅಲ್ಲ ಕಣೆ. ಇವ್ರು ಆಟ ಆಡೋವಾಗ ಒಂದು ಕಣ್ಣು ನನ್ನ ಮೇಲೇ ಇರ್ತದೆ, ನಾನು ನಗ್ತೀನಾ ಇಲ್ವಾ ಅಂತ. ಇವತ್ತು ನನ್ನ ನೋಡ್ಲೇ ಇಲ್ಲ. ಕಾರ್ ತೆಗಿ ಅಂದೆ!’

ನಂಗೇ ಗೊತ್ತಿರ್ಲಿಲ್ಲ ನೋಡಿ ಇದು. ಇಷ್ಟು ವರ್ಷ ಊರನ್ನೆಲ್ಲ ನಗಿಸ್ತೀನಿ ಅಂದ್ಕೊಂಡಿದ್ದೆ.

ಈ ಸಲ ಇನ್ನೂ ದೊಡ್ಡ ಆಸ್ಪತ್ರೆ, ಘಾಟಿ ಇಳಿದು. ಅಲ್ಲಿ ನಡೆದಿದ್ರಲ್ಲಿ ಅರ್ಧ ನಂಗೆ ನೆನಪಿಲ್ಲ, ನೆನಪಿರೋ ಅರ್ಧ ಅಸಹ್ಯ. ಬೆನ್ನುಮೂಳೆಗೆ ಸೂಜಿ ಚುಚ್ಚಿ ನೀರು ತೆಗೆದ್ರು. ಉಚ್ಚೆಗೆ ನಳಿಕೆ ಹಾಕಿ ಪಕ್ಕದಲ್ಲಿ ಚೀಲ ನೇತು ಹಾಕಿದ್ರು. ಬಂದೋರೆಲ್ಲ ನನ್ನ ಮುಖ ನೋಡೋ ಮುಂಚೆ ಆ ಚೀಲ ನೋಡೋರು. ಯಾರೋ ಹುಡುಗಿ ಬಂದು ಬಟ್ಟೆ ಸರಿಸಿ ಒರೆಸಿ ಹೋಗ್ತಿದ್ಲು, ನಾನು ಕಣ್ಣು ಮುಚ್ಕೊಂಡು ಸತ್ತಂಗೆ ಬಿದ್ದಿರ್ತಿದ್ದೆ. ಡಾಕ್ಟ್ರು ಜಲಜನ್ನ ತೋರ್ಸಿ, ‘ಇವ್ರು ಯಾರು? ಹೆಸ್ರು ಹೇಳಿ’ ಅಂದ್ರು. ಮುಖ ಗೊತ್ತು. ಆ ಮೂಗುಬೊಟ್ಟು ಗೊತ್ತು. ಹೆಸ್ರು ಇದ್ದ ಜಾಗದಲ್ಲಿ ಏನೂ ಇಲ್ಲ, ಹಲ್ಲು ಕಿತ್ತ ಸಂದಿ ಹಾಗೆ.

ಆದ್ರೆ ಜಲಜ ಬಿಡೋಳಾ? ಮಂಚದ ಪಕ್ಕ ಕೂತು ಶುರು ಹಚ್ಕೊಂಡ್ಲು. ‘ಮಂಗನ್ನ ಎದೆಗೆ ಅಪ್ಕೊಳ್ಳಕ್ಕೆ ಅದೇನು ನಿಮ್ಮ ಸ್ವಂತ ತಮ್ಮನಾ? ಆ ಟವೆಲ್ ಉಳಿಸಿದ್ರಲ್ಲ, ಈಗ ಅದನ್ನೇ ಹೊದ್ಕೊಳ್ಳಿ! ನನ್ನ ಹೆಸ್ರು ಮರೀತೀರಾ? ಎದ್ದು ಬನ್ನಿ ಮನೆಗೆ, ಮರೆಯೋದು ಹೇಗೆ ಅಂತ ತೋರಿಸ್ತೀನಿ.’ ಆ ಬೈಗುಳ ಕಿವಿಗೆ ಬೀಳ್ತಾ ಬೀಳ್ತಾ, ಹಿಡ್ಕೊಂಡು ಬರಕ್ಕೆ ಒಂದು ಹಗ್ಗ ಸಿಕ್ಕಿದಂಗಾಯ್ತು. ಒಂದು ಮಧ್ಯಾಹ್ನ ಅವಳು ಕಿಟಕಿ ಕಡೆ ತಿರುಗಿ ತಲೆ ಬಾಚ್ಕೊಳ್ತಿದ್ಲು. ಹಿಂದಿಂದ ‘ಜಲಜಾ’ ಅಂದೆ. ಬಾಚಣಿಗೆ ಕೆಳಗೆ ಬಿತ್ತು.

ಮನೆಗೆ ಬಂದೆ. ಮಳೆಗಾಲ ಪೂರ್ತಿ ಮೈಲಿ ಬಲ ಇರ್ಲಿಲ್ಲ, ತಲೆ ಕೂದ್ಲು ಹಿಡಿಹಿಡಿಯಾಗಿ ಉದುರ್ತು. ಮಾತು ಒಂದೊಂದೇ ವಾಪಸ್ ಬಂದ್ವು, ಬೈಗುಳಗಳು ಮೊದಲು, ದೇವ್ರ ಹೆಸ್ರು ಕೊನೆಗೆ. ಎಡಗೈ ಈಗಲೂ ಸ್ವಲ್ಪ ನಡುಗ್ತದೆ. ಸುಮಾ ನಂಗೆ ಗಾಡಿ ಕೊಡಲ್ಲ, ಹಿಂದೆ ಕೂರಿಸ್ಕೊಂಡು ಹೋಗ್ತಾಳೆ. ಮಗಳ ಹಿಂದೆ ಮೂಟೆ ಹಾಗೆ ಕೂತು, ಅವಳು ನನ್ನದೇ ತಿರುವುಗಳನ್ನ ನನಗಿಂತ ಚೆನ್ನಾಗಿ ತಿರುಗಿಸೋದು ನೋಡೋದು ಎಂಥ ಹಿಂಸೆ ಅಂತ ನಿಮಗೆ ಗೊತ್ತಿಲ್ಲ. ಈಗ ಎಣ್ಣೆ ಹಚ್ಕೊಳ್ತೀನಿ. ಅದ್ರ ವಾಸನೆ ಕಂಡ್ರೆ ಈಗಲೂ ಅಸಹ್ಯವೇ. ನೀವೂ ಹಚ್ಕೊಳ್ಳಿ. ಸತ್ತ ಮಂಗ ಕಂಡ್ರೆ ದೂರದಿಂದಲೇ ಕೈ ಮುಗ್ದು ಫೋನ್ ಮಾಡಿ, ಹನುಮಪ್ಪ ಏನೂ ಅಂದ್ಕೊಳ್ಳಲ್ಲ. ಜ್ವರ ಬಿಟ್ಟು ಹೋದ ಮೇಲೆ ಮತ್ತೆ ತಲೆ ನೋಯ್ತಾ, ಮಾತು ತಪ್ಪಿತಾ, ತಕ್ಷಣ ಆಸ್ಪತ್ರೆಗೆ ಕರ್ಕೊಂಡು ಹೋಗಿ ಅಂತ ಪಕ್ಕದಲ್ಲಿರೋರಿಗೆ ಮುಂಚೆನೇ ಹೇಳಿಟ್ಟಿರಿ. ಒಳಗಿದ್ದೋನಿಗೆ ಹೇಳಕ್ಕೆ ಬಾಯಿರಲ್ಲ. ಕೈ ನಡುಕ, ಮರೆವು, ಸುಮ್ಮನೆ ಅಳು ಬರೋದು, ಎಲ್ಲ ಆಗ್ತದೆ. ಬಹಳಷ್ಟು ನಿಧಾನಕ್ಕೆ ಸರಿಹೋಗ್ತದೆ.

ಇಷ್ಟನ್ನೂ ನಂಬಿದ್ರಲ್ಲ? ಇದ್ರಲ್ಲಿ ಒಂದು ಸುಳ್ಳಿದೆ. ಚಕ್ಲಿ ಮಾತು ಹೇಳಿದ್ದು ನಿಜ. ಸತ್ತ ಮಂಗನ ಪಕ್ಕ ನಕ್ಕೋನೂ ನಿಜ, ಅವನಿಗೆ ಏನೂ ಆಗಲಿಲ್ಲ ಅನ್ನೋದೂ ನಿಜ.

ಘಾಟಿ ಕೆಳಗಿನ ಆಸ್ಪತ್ರೆಲಿ ಜಲಜ ಬೈದ್ಲು ಅಂದೆನಲ್ಲ, ಅದು ಸುಳ್ಳು. ಅವಳ ಬಾಯಿಂದ ಒಂದು ಮಾತೂ ಬರ್ಲಿಲ್ಲವಂತೆ. ಹೊದಿಕೆ ಒಳಗೆ ಕೈ ಹಾಕಿ ನನ್ನ ಕಾಲಿನ ಹೆಬ್ಬೆರಳು ಹಿಡ್ಕೊಂಡು ಕೂತಿದ್ಲು, ಊಟಕ್ಕೆ ಕರೆದ್ರೂ ಬಿಡ್ಲಿಲ್ಲ ಅಂತ ಸುಮಾ ಹೇಳಿದ್ಲು. ಮದುವೆ ಆದಾಗಿಂದ ಅವಳು ನಂಗೆ ಬೈಯದೇ ಇದ್ದ ದಿನ ಅಂದ್ರೆ ಅವೇ. ಅದನ್ನ ಇದ್ದಂಗೇ ಬರೆಯಕ್ಕೆ ಹೋದ್ರೆ ಕೈ ಮುಂದೆ ಹೋಗ್ಲಿಲ್ಲ. ಅದಕ್ಕೇ ನಾನೇ ಬೈಸ್ದೆ.